ಲೂವರ್ ಪ್ರೆಸ್: ಒಂದು ತುದಿಯಲ್ಲಿ ಬರ್, ಎರಡೂ ತುದಿಯಲ್ಲಿ ಬಿರುಕು. ಸರಿಪಡಿಸಲೇ, ಬೇರೆ ಕೊಳ್ಳಲೇ?

ತಗಡುಪ್ರೇಮಿ, ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹಳೆಯ ಪದ್ಮಿನಿ ಕಾರೊಂದನ್ನು ಬಿಚ್ಚಿಹಾಕಿಕೊಂಡು ಎರಡು ವರ್ಷದಿಂದ ಕೂತಿದ್ದೇನೆ. ಅದರ ಬಾನೆಟ್ಟಿಗೆ ಎಡಬಲದಲ್ಲಿ ಒಂದೊಂದು ಸಾಲು ಲೂವರ್ ಹಾಕಬೇಕೆಂಬ ಆಸೆ. ಬೀದಿಬದಿಯ ವಿದ್ಯುತ್ ಪೆಟ್ಟಿಗೆಯ ಬಾಗಿಲಲ್ಲಿ ರೆಪ್ಪೆಯಂತೆ ಎದ್ದ ಗಾಳಿಸೀಳುಗಳನ್ನು ನೋಡಿರುತ್ತೀರಲ್ಲ, ಅವೇ. ಎಂಜಿನ್ನಿನ ಬಿಸಿ ಹೊರಹೋಗಲು ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜವಾಗಿ ಚೆಂದಕ್ಕೆ.

ಕಾಮಾಕ್ಷಿಪಾಳ್ಯದ ನನ್ನ ಶೆಡ್ಡಿನಲ್ಲಿ ತ್ರೀ ಫೇಸ್ ಇಲ್ಲ. ಆದ್ದರಿಂದ ಕೈಯಲ್ಲಿ ಒತ್ತುವ ಪ್ರೆಸ್ಸನ್ನೇ ಕಟ್ಟಿದೆ. 150 ಮಿಮೀ ಕಬ್ಬಿಣದ ಚಾನೆಲ್ಲುಗಳನ್ನು ಜೋಡಿಜೋಡಿಯಾಗಿ ಡಬ್ಬಿಯಂತೆ ಬೆಸುಗೆ ಹಾಕಿ ಸಿ ಆಕಾರದ ಫ್ರೇಮ್ ಮಾಡಿದ್ದೇನೆ. ಗಂಟಲಿನ ಆಳ, ಅಂದರೆ ತಗಡು ಒಳಗೆ ಹೋಗಬಹುದಾದ ದೂರ, 600 ಮಿಮೀ. ಮೇಲಿನ ತೋಳಿಗೆ 20 ಟನ್ನಿನ ಬಾಟಲ್ ಜ್ಯಾಕನ್ನು ತಲೆಕೆಳಗಾಗಿ ಕಟ್ಟಿದ್ದೇನೆ, ಅದರ ತುದಿಗೆ ಪಂಚ್, ಅಂದರೆ ತಗಡಿನ ಒಂದು ಅಂಚನ್ನು ಕತ್ತರಿಸಿ ರೆಪ್ಪೆ ಎಬ್ಬಿಸುವ ಅಚ್ಚು; ಅದಕ್ಕೆ ಎದುರಾಗಿ ಕೆಳಗೆ ಡೈ ಎಂಬ ಜೊತೆ ಅಚ್ಚು. ಪಂಚಿನ ಉದ್ದ 90 ಮಿಮೀ, ಲೂವರಿನ ಎತ್ತರ 12 ಮಿಮೀ. ಪಂಚ್ ಮತ್ತು ಡೈ ಎರಡೂ ಇಎನ್ 8 ಎಂಬ ಉಕ್ಕು, ಹದ ಕೊಡಿಸಿಲ್ಲ (ಕಾಯಿಸಿ ಗಟ್ಟಿ ಮಾಡಿಸಿಲ್ಲ). ತಗಡು 0.9 ಮಿಮೀ.

ತೊಂದರೆ ಕೇಳಿ. ಗುಜರಿ ಬಾಗಿಲಿನ ತಗಡಿನ ಮೇಲೆ ಹದಿನಾಲ್ಕು ಲೂವರ್ ಒತ್ತಿದೆ, ಒಂದೂ ನೆಟ್ಟಗೆ ಬರಲಿಲ್ಲ. ಕತ್ತರಿಸಿದ ಅಂಚು ಎಡಕ್ಕೆ ಪರವಾಗಿಲ್ಲ. ಬಲಕ್ಕೆ ಹೋಗುತ್ತ ಬೆರಳು ಕೊಯ್ಯುವಷ್ಟು ಬರ್, ಅಂದರೆ ಅಂಚಿನಲ್ಲಿ ಎದ್ದುನಿಂತ ಚೂಪು ಮುಳ್ಳು. ತುದಿಗಳಲ್ಲಿ ತಗಡು ಹರಿಯುತ್ತಿದೆ. ಎಂಟು ಹತ್ತು ಲೂವರ್ ಆಗುವಷ್ಟರಲ್ಲಿ ಜ್ಯಾಕಿನ ಹಿಡಿ ಹತ್ತಿಯಂತೆ ಮೆತ್ತಗಾಗಿ ಒತ್ತುವುದನ್ನೇ ಬಿಡುತ್ತದೆ. ಒತ್ತುವಾಗ ಫ್ರೇಮ್ ಬಾಯಿ ತೆರೆಯುವುದು ಬರಿಗಣ್ಣಿಗೇ ಕಾಣುತ್ತದೆ. ಸಾಲದ್ದಕ್ಕೆ ತಗಡು ಕರಿದ ಹಪ್ಪಳದಂತೆ ಸುರುಟಿಕೊಂಡಿದೆ. ಫ್ರೇಮಿಗೆ ಇನ್ನಷ್ಟು ಕಬ್ಬಿಣ ಬೆಸೆಯಲೇ, ಅಥವಾ ಇದನ್ನು ತೂಕಕ್ಕೆ ಹಾಕಿ ಹಳೆಯ ಪವರ್ ಪ್ರೆಸ್ ಕೊಳ್ಳಲೇ?

ಹಳೇಗೇರ್, ಭಾನುವಾರ ರಾತ್ರಿ 10.15

ಕೊಂಡುಬಿಡಿ ಸರ್. ಪೀಣ್ಯದಲ್ಲಿ ಮುಚ್ಚಿದ ಶೆಡ್ಡುಗಳಿಂದ ಹತ್ತು ಟನ್ನಿನ ಪವರ್ ಪ್ರೆಸ್ಸುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಬಾಟಲ್ ಜ್ಯಾಕಿನಲ್ಲಿ ಇಂಥ ಕೆಲಸ ಆಗುವುದಿಲ್ಲ.

ಸಾಣೆಕಲ್ಲು, ಸೋಮವಾರ ಬೆಳಿಗ್ಗೆ 6.05

ಕೊಳ್ಳುವ ಮೊದಲು ಟೇಪ್ ಹಿಡಿದುಕೊಂಡು ಹೋಗಿ ಗಂಟಲು ಅಳೆಯಿರಿ. ಆ ಗಾತ್ರದ ಪವರ್ ಪ್ರೆಸ್ ಆಗಲಿ, ಕೈಯಲ್ಲಿ ತಿರುಗಿಸುವ ಫ್ಲೈ ಪ್ರೆಸ್ ಆಗಲಿ, ಸಣ್ಣ ಬಿಡಿಭಾಗ ಒತ್ತಲು ಮಾಡಿದ್ದು. ಒಂದು ಗೇಣಿನಾಚೆ ಬಾನೆಟ್ ಒಳಗೆ ಹೋಗುವುದಿಲ್ಲ. ಲೂವರ್ ಪ್ರೆಸ್ಸಿನ ಬೆಲೆಯೆಲ್ಲ ಅದರ ಗಂಟಲಿನಲ್ಲಿದೆ, ಟನ್ನಿನಲ್ಲಿ ಅಲ್ಲ.

ಟನ್ ಎಷ್ಟು ಬೇಕು ಎಂದು ನೀವೇ ಲೆಕ್ಕ ಹಾಕಿ. ಮೃದು ಉಕ್ಕನ್ನು ಕತ್ತರಿಸಲು ಚದರ ಮಿಲಿಮೀಟರಿಗೆ ಸುಮಾರು 320 ನ್ಯೂಟನ್ ಬೇಕು. 90 ಮಿಮೀ ಉದ್ದ, 0.9 ಮಿಮೀ ದಪ್ಪ. ಗುಣಿಸಿದರೆ ಸುಮಾರು 26,000 ನ್ಯೂಟನ್, ಅಂದರೆ 2.6 ಟನ್. ರೆಪ್ಪೆ ಎಬ್ಬಿಸಲು ಅಷ್ಟೇ ಇನ್ನೊಂದು ಪಾಲು ಇಟ್ಟುಕೊಂಡರೂ ಐದು ಟನ್ ಧಾರಾಳ. ನಿಮ್ಮ ಜ್ಯಾಕಿಗೆ ಶಕ್ತಿ ಕಡಿಮೆಯಾಗಿಲ್ಲ, ಅದು ಗಾಳಿ ಕುಡಿಯುತ್ತಿದೆ. ಸಾಮಾನ್ಯ ಬಾಟಲ್ ಜ್ಯಾಕಿನಲ್ಲಿ ಪಂಪು ಎಣ್ಣೆ ಎಳೆಯುವ ರಂಧ್ರ ತಳದಲ್ಲಿರುತ್ತದೆ. ತಲೆಕೆಳಗೆ ಮಾಡಿದರೆ ಎಣ್ಣೆ ಇನ್ನೊಂದು ತುದಿಗೆ ಇಳಿದು ರಂಧ್ರಕ್ಕೆ ಸಿಗುವುದು ಗಾಳಿ. ಬಿಚ್ಚಿ ನೆಟ್ಟಗೆ ನಿಲ್ಲಿಸಿ.

ಈಗ ಎರಡು ಪರೀಕ್ಷೆ ಮಾಡಿ ಬರೆಯಿರಿ. ಒಂದು: ಡೈ ಮೇಲೆ ದಿನಪತ್ರಿಕೆಯ ಒಂದೇ ಹಾಳೆ ಇಟ್ಟು ಪಂಚನ್ನು ಮೆಲ್ಲಗೆ ಇಳಿಸಿ. ಎಲ್ಲಿ ಕತ್ತರಿಸಿತು, ಎಲ್ಲಿ ಬರೀ ಮಡಚಿತು? ಎರಡು: ಕೆಳತೋಳಿನ ತುದಿಯಲ್ಲಿ ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಉಪಕರಣ) ಇಟ್ಟು, ಮುಳ್ಳು ಮೇಲಿನ ತೋಳಿಗೆ ತಾಗುವಂತೆ ಮಾಡಿ, ತಗಡು ಒತ್ತುವಾಗ ಬಾಯಿ ಎಷ್ಟು ತೆರೆಯಿತು ನೋಡಿ. ಮತ್ತೆ, ಲೂವರಿನ ಉದ್ದ ತೋಳಿನ ದಿಕ್ಕಿಗಿದೆಯೋ, ತೋಳಿಗೆ ಅಡ್ಡವಾಗಿದೆಯೋ? ಇದನ್ನು ಮರೆಯದೆ ಹೇಳಿ.

ತಗಡುಪ್ರೇಮಿ, ಸೋಮವಾರ ರಾತ್ರಿ 11.20

ಕಚೇರಿಯಿಂದ ನೇರ ಶೆಡ್ಡಿಗೆ ಹೋಗಿದ್ದೆ. ಹಾಳೆ ಎಡ ಅರ್ಧದಲ್ಲಿ ಕತ್ತರಿಯಲ್ಲಿ ಕೊಯ್ದಂತೆ ಕತ್ತರಿಸಿತು, ಬಲಕ್ಕೆ ಮಡಚಿ ಒಳಗೆ ಎಳೆದುಕೊಂಡಿತು. ಬಾಯಿ 4 ಮಿಮೀಗಿಂತ ತುಸು ಹೆಚ್ಚೇ ತೆರೆಯಿತು. ಬಾನೆಟ್ಟನ್ನು ಮುಂದಿನಿಂದ ತೂರಿಸುವ ಯೋಚನೆಯಿದ್ದುದರಿಂದ ಲೂವರ್ ತೋಳಿಗೆ ಅಡ್ಡವಾಗಿದೆ.

ಸಾಣೆಕಲ್ಲು, ಮಂಗಳವಾರ ಬೆಳಿಗ್ಗೆ 5.50

ಹಾಗಿದ್ದರೆ ಇಲ್ಲಿ ಎರಡು ರೋಗ ಒಟ್ಟಿಗೆ ಸೇರಿವೆ.

ಹಾಳೆ ಕತ್ತರಿಸಲು ಭಾರವೇ ಬೇಡ, ಫ್ರೇಮ್ ಆಗ ಬಾಗಿರುವುದಿಲ್ಲ. ಆದರೂ ಬಲತುದಿ ಕತ್ತರಿಸಲಿಲ್ಲ ಎಂದರೆ ಪಂಚ್ ಡೈಗೆ ಸಮಾನಾಂತರವಾಗಿಲ್ಲ, ಓರೆಯಾಗಿ ತಿರುಗಿ ನಿಂತಿದೆ. ಜ್ಯಾಕಿನ ಪಿಸ್ಟನ್ ದುಂಡಗಿನದು, ಅದು ತಿರುಗದಂತೆ ಹಿಡಿಯುವುದು ಏನೂ ಇಲ್ಲ. ಜ್ಯಾಕ್ ಇರುವುದು ತಳ್ಳುವುದಕ್ಕೆ. ದಾರಿ ತೋರಿಸಲು ಬೇರೆಯೇ ಗೈಡ್ ಬೇಕು. ಬೋರ್ ಮಾಡಿದ ಬುಷ್ಷಿನಲ್ಲಿ (ಬಿಗಿ ಕೊಳವೆಯಲ್ಲಿ) ಜಾರುವ 50 ಮಿಮೀ ದುಂಡು ಸರಳು, ಅಂದರೆ ರ‍್ಯಾಮ್, ಅದರ ಬದಿಗೆ ಉದ್ದಕ್ಕೂ ಅದು ತಿರುಗದಂತೆ ತಡೆಯುವ ಒಂದು ಕೀ. ಪಂಚ್ ಕೂರಬೇಕಾದದ್ದು ಆ ರ‍್ಯಾಮಿನ ಮೇಲೆ. ಜ್ಯಾಕ್ ಅದರ ಬೆನ್ನನ್ನು ಮಾತ್ರ ತಳ್ಳಲಿ.

ಎರಡನೆಯದು ಬಾಗುವಿಕೆ. 0.9 ಮಿಮೀ ತಗಡಿಗೆ ಪಂಚ್ ಮತ್ತು ಡೈ ನಡುವಿನ ಸಂದು ದಪ್ಪದ ನೂರಕ್ಕೆ ಏಳರಷ್ಟು, ಅಂದರೆ 0.06 ಮಿಮೀ ಆಸುಪಾಸು. ಬಾಯಿ 4 ಮಿಮೀ ತೆರೆದಾಗ ಮೇಲಿನ ತೋಳು ಎತ್ತುವುದಷ್ಟೇ ಅಲ್ಲ, ಓರೆಯಾಗುತ್ತದೆ. 60 ಮಿಮೀ ಎತ್ತರದ ಪಂಚಿನ ಮೊನೆ ಆ ಓರೆಯಲ್ಲಿ ತೋಳಿನ ದಿಕ್ಕಿಗೆ ಸುಮಾರು 0.3 ಮಿಮೀ ಸರಿದುಬಿಡುತ್ತದೆ. ಬೇಕಾದ ಸಂದಿನ ಐದು ಪಟ್ಟು! ಲೂವರ್ ಅಡ್ಡವಾಗಿರುವುದರಿಂದ ಆ ಸರಿದಾಟವೆಲ್ಲ ಸಂದನ್ನೇ ಕೆಡಿಸುತ್ತಿದೆ.

ಕಬ್ಬಿಣ ಬೆಸೆಯುವುದಕ್ಕೆ ಮೊದಲು ಪಂಚ್, ಡೈ ಎರಡನ್ನೂ 90 ಡಿಗ್ರಿ ತಿರುಗಿಸಿ. ಲೂವರಿನ ಉದ್ದ ತೋಳಿನ ಉದ್ದಕ್ಕೇ ಇರಲಿ, ಬಾನೆಟ್ಟನ್ನು ಪಕ್ಕದಿಂದ ತೂರಿಸಿ. ಆಗಲೂ ಫ್ರೇಮ್ ಬಾಗುತ್ತದೆ; ಆದರೆ ಮೊನೆ ಸರಿಯುವುದು ಕತ್ತರಿಸುವ ಅಂಚಿನ ಗುಂಟ, ಸಂದು ಹಾಗೇ ಉಳಿಯುತ್ತದೆ. ಒಂದು ತುದಿ ಇನ್ನೊಂದಕ್ಕಿಂತ ಮುಕ್ಕಾಲು ಮಿಲಿಮೀಟರಿನಷ್ಟು ಆಳವಾಗಬಹುದು. ಡೈ ಕೆಳಗೆ ಶಿಮ್ (ತೆಳು ತಗಡಿನ ಚೂರು) ಹಾಕಿ ಸರಿದೂಗಿಸಿಕೊಳ್ಳಿ. ಒಂದೇ ಅಂಚು ಕತ್ತರಿಸುವುದರಿಂದ ಪಂಚನ್ನು ಪಕ್ಕಕ್ಕೆ ನೂಕುವ ಬಲವೂ ಇರುತ್ತದೆ. ಅದನ್ನು ಬುಷ್ ತಡೆಯಬೇಕು, ಸಡಿಲ ಇಡಬೇಡಿ. ಚಾನೆಲ್ಲನ್ನು ಡಬ್ಬಿಯಂತೆ ಬೆಸೆದಿರುವುದು ಇಲ್ಲಿ ನಿಮ್ಮ ಸಹಾಯಕ್ಕೆ ಬರುತ್ತದೆ.

ಹಾಳಾದ ಅಂಚನ್ನು ಸಾಣೆ ಹಿಡಿದು ದಿನ ಕಳೆಯಬೇಡಿ. ಹದವಿಲ್ಲದ ಇಎನ್ 8 ಮಣ್ಣಿಗೆ ಸಮ. ಓಎಚ್‌ಎನ್‌ಎಸ್ ಎಂಬ ಟೂಲ್ ಸ್ಟೀಲಿನ ತುಂಡು ತಂದು, 58 ಎಚ್‌ಆರ್‌ಸಿಗೆ (ಇದು ಗಡಸುತನದ ಅಳತೆ) ಹದ ಕೊಡಿಸಿ, ಆಮೇಲೆ ವೈರ್ ಕಟ್ (ವಿದ್ಯುತ್ ಕಿಡಿಯ ತಂತಿಯಿಂದ ಕೊಯ್ಯುವುದು) ಮಾಡಿಸಿ. ಮೊದಲು ಕಟ್ ಮಾಡಿಸಿ ಆಮೇಲೆ ಹದ ಕೊಡಿಸಿದರೆ ಸೊಟ್ಟಗಾಗಿ ಬರುತ್ತದೆ.

ಹಳೇಗೇರ್, ಮಂಗಳವಾರ ಬೆಳಿಗ್ಗೆ 9.30

ಪವರ್ ಪ್ರೆಸ್ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೂ ಫ್ರೇಮನ್ನೇ ಬಲಪಡಿಸಿದರೆ ಆಗದೇ ಮೇಷ್ಟ್ರೇ?

ಸಾಣೆಕಲ್ಲು, ಮಂಗಳವಾರ ಮಧ್ಯಾಹ್ನ 1.10

ಆಗದೇ ಏನು? 20 ಮಿಮೀ ಪ್ಲೇಟ್ ಎರಡು, 350 ಮಿಮೀ ಅಗಲದ ತೋಳು ಬರುವಂತೆ ಸಿ ಆಕಾರಕ್ಕೆ ಕತ್ತರಿಸಿ ಜೋಡಿಸಿದರೆ ಬಾಗುವಿಕೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ತೂಕ 250 ಕೆಜಿ ದಾಟುತ್ತದೆ. ಹತ್ತು ಬಾನೆಟ್ ಮಾಡುವವರು ಅದನ್ನೇ ಕಟ್ಟಲಿ, ಇವರಿಗೆ ಬೇಕಿರುವುದು ಒಂದು. ಚಾನೆಲ್ಲಿನ ಮೇಲೆ ಅಲ್ಲಲ್ಲಿ ಪಟ್ಟಿ ಬೆಸೆಯುವುದು ಮಾತ್ರ ದಂಡ. ತೋಳಿನ ಎತ್ತರ ಹೆಚ್ಚದೆ ಬಿಗುವು ಬರುವುದಿಲ್ಲ.

ಟಿಂಕರ್‌ಮನೆ, ಮಂಗಳವಾರ ರಾತ್ರಿ 8.45

ತುದಿ ಹರಿಯುವುದಕ್ಕೆ ಫ್ರೇಮಿನ ಮೇಲೆ ದೂರು ಹಾಕಬೇಡಿ. ಅದು ನಿಮ್ಮ ದುರಾಸೆ. 12 ಮಿಮೀ ಎತ್ತರವನ್ನು ಎರಡೂ ಕಡೆ ಎಷ್ಟು ದೂರದಲ್ಲಿ ಏರಿಸಿದ್ದೀರಿ? 15 ಮಿಮೀ ಎಂದು ಇಟ್ಟುಕೊಂಡರೆ, ಆ ಏರಿನಲ್ಲಿ 15 ಮಿಮೀ ಇದ್ದ ತಗಡು 19ಕ್ಕೆ ಹಿಗ್ಗಬೇಕು. ಎತ್ತರವನ್ನು 9ಕ್ಕೆ ಇಳಿಸಿದರೆ ಹದಿನೇಳೂವರೆ ಸಾಕು. ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ, ತಗಡಿಗೆ ಬಹಳ. ಡೈ ತುದಿಯ ಕೋನಗಳನ್ನು ದುಂಡಗೆ ಮಾಡಿ, ಎಮರಿ ಹಾಳೆಯಲ್ಲಿ ಕನ್ನಡಿಯಂತೆ ತಿಕ್ಕಿ, ಒತ್ತುವ ಮೊದಲು ಎಣ್ಣೆ ಸವರಿ. ಕತ್ತರಿಸುವ ಅಂಚನ್ನು ಮಾತ್ರ ದುಂಡಗೆ ಮಾಡಬೇಡಿ, ಅದು ಚೂಪಾಗಿಯೇ ಇರಲಿ. ಬಾನೆಟ್ಟಿನಲ್ಲಿ ಹಳೆಯ ಪುಟ್ಟಿ (ಗುಳಿ ತುಂಬಿದ ಲೇಪ) ಇದ್ದರೆ ಬರಿಯ ತಗಡು ಕಾಣುವವರೆಗೆ ತೆಗೆಯಿರಿ. ಒಳಗಿನ ಚೌಕಟ್ಟನ್ನೂ ಬಿಡಿಸಲೇಬೇಕು. ಹೊಸ ತಗಡು ಕೊಳ್ಳುವುದಾದರೆ ಡೀಪ್ ಡ್ರಾಯಿಂಗ್ ದರ್ಜೆಯ (ಚೆನ್ನಾಗಿ ಹಿಗ್ಗುವ) ಸಿಆರ್, ಅಂದರೆ ಕೋಲ್ಡ್ ರೋಲ್ಡ್ ತಗಡು ಎಂದು ಕೇಳಿ, ಸತು ಲೇಪಿಸಿದ ಜಿಐ ಬೇಡ.

ಸುರುಟುವುದು ಪೂರ್ತಿ ತಪ್ಪುವುದಿಲ್ಲ. ಪ್ರತಿ ಲೂವರೂ ತನ್ನ ತುದಿಗಳ ಕಡೆಯಿಂದ ತಗಡನ್ನು ಒಳಗೆ ಎಳೆದುಕೊಳ್ಳುತ್ತದೆ. ಪಂಚಿನ ಸುತ್ತ ಪಿಯು (ಪಾಲಿಯುರೆಥೇನ್) ರಬ್ಬರಿನ ಒತ್ತುಪಟ್ಟಿ ಇಡಿ. ಕತ್ತರಿಸುವ ಮೊದಲೇ ಅದು ತಗಡನ್ನು ಚಪ್ಪಟೆಯಾಗಿ ಹಿಡಿಯುತ್ತದೆ, ಆಮೇಲೆ ಪಂಚಿನಿಂದ ಬಿಡಿಸುವುದೂ ಅದೇ. ಒಂದು ತುದಿಯಿಂದ ಸಾಲಾಗಿ ಹೊಡೆದುಕೊಂಡು ಹೋಗಬೇಡಿ. ಸಾಲಿನ ನಡುವಿನದು ಮೊದಲು, ಆಮೇಲೆ ಅದರ ಆಚೆ ಒಂದು, ಈಚೆ ಒಂದು. ಉಳಿದ ಸುಕ್ಕನ್ನು ಲೂವರ್ ತುದಿಗಳ ಪಕ್ಕದ ಪಟ್ಟಿಯಲ್ಲಿ ಸುತ್ತಿಗೆ, ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಮೆಲ್ಲಗೆ ಬಡಿದು ಹಿಗ್ಗಿಸಿದರೆ ಇಳಿಯುತ್ತದೆ.

ಮಳೆಗಾಲ, ಬುಧವಾರ ಬೆಳಿಗ್ಗೆ 10.05

ಪ್ರೆಸ್ಸೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ. ವಿದ್ಯುತ್ ಪ್ಯಾನೆಲ್ ಬೋರ್ಡ್ ಮಾಡುವ ಕೆಲವು ಶೆಡ್ಡುಗಳಲ್ಲಿ ಸಿಎನ್‌ಸಿ ಟರೆಟ್ ಪಂಚ್ ಎಂಬ ಕಂಪ್ಯೂಟರ್ ಚಾಲಿತ ಯಂತ್ರ ಇರುತ್ತದೆ, ಅದರಲ್ಲಿ ಲೂವರ್ ಟೂಲೂ ಇರುತ್ತದೆ. ಬಾಗಿದ ಬಾನೆಟ್ ಅದರಲ್ಲಿ ಹೋಗುವುದಿಲ್ಲ. ಚಪ್ಪಟೆ ತಗಡಿನಲ್ಲಿ ಒತ್ತಿಸಿ, ಬಾನೆಟ್ಟಿನಲ್ಲಿ ಅಷ್ಟಗಲ ಕತ್ತರಿಸಿ ಕೂರಿಸಿ ಬೆಸೆಯಬೇಕು. ರೆಪ್ಪೆ ಗಿಡ್ಡ, ಸ್ವಲ್ಪ ಪೆಟ್ಟಿಗೆಯಂತೆಯೇ ಕಾಣುತ್ತದೆ.

ಲೂವರ್ ಬಾಯಿ ಹಿಂದಕ್ಕೆ ಇರಲಿ. ಗಾಜಿನ ಬುಡದ ಹತ್ತಿರ ಹಾಕಬೇಡಿ, ಕಾರು ಓಡುವಾಗ ಅಲ್ಲಿ ಗಾಳಿಯ ಒತ್ತಡ ಹೆಚ್ಚು. ಬಿಸಿ ಹೊರಹೋಗುವ ಬದಲು ಗಾಳಿ ಒಳಗೆ ನುಗ್ಗಬಹುದು. ರೇಡಿಯೇಟರಿನ ಹಿಂದೆಯೇ ಮುಂದಕ್ಕೆ ಹಾಕಿ. ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ಕುರಿತದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಓದಿದೆ. ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ. ಮೂಲ ಬಾನೆಟ್ಟನ್ನು ಅಟ್ಟಕ್ಕೆ ಹಾಕಿ, ಗುಜರಿಯಿಂದ ಇನ್ನೊಂದನ್ನು ತಂದು ಅದರ ಮೇಲೆ ಕೈ ಮಾಡಿ.

ತಗಡುಪ್ರೇಮಿ, ಮೂರು ವಾರದ ನಂತರ, ಭಾನುವಾರ ಸಂಜೆ 6.30

ಜ್ಯಾಕನ್ನು ಕೆಳತೋಳಿನಡಿ ನೆಟ್ಟಗೆ ನಿಲ್ಲಿಸಿದೆ. ಈಗ ಪಂಚ್ ಕೆಳಗಿನಿಂದ ಏರುತ್ತದೆ, ಡೈ ಮೇಲಿದೆ. ಇದರಿಂದ ಬಾನೆಟ್ ಬೋರಲಾಗುವ ಬದಲು ನೆಟ್ಟಗೇ ಕೂರುವಂತಾಯಿತು. ಗೆರೆ ಹಾಕಿದ್ದು ಕಣ್ಣೆದುರೇ ಇರುತ್ತದೆ. ಕೀ ಇರುವ ರ‍್ಯಾಮ್, ಬುಷ್, ಹಿಂದಕ್ಕೆ ಎಳೆಯಲು ಎರಡು ಸ್ಪ್ರಿಂಗ್. ಟೂಲನ್ನು 90 ಡಿಗ್ರಿ ತಿರುಗಿಸಿದ್ದಾಯಿತು, ಎತ್ತರ 9ಕ್ಕೆ ಇಳಿಯಿತು. ಓಎಚ್‌ಎನ್‌ಎಸ್ ಪಂಚ್ ಬರಲು ಹತ್ತು ದಿನ ಹಿಡಿಯಿತು. ವೈರ್ ಕಟ್ ಮಾಡುವವರು ದಿನಾ "ನಾಳೆ" ಎಂದರು.

ದಿನಪತ್ರಿಕೆಯ ಹಾಳೆ ಈಗ ತುದಿಯಿಂದ ತುದಿಗೆ ಕತ್ತರಿಸುತ್ತದೆ. ಗುಜರಿ ತಗಡಿನಲ್ಲಿ ಇಪ್ಪತ್ತೆರಡು ಒತ್ತಿದೆ, ಬಿರುಕು ಬಂದದ್ದು ಒಂದರಲ್ಲಿ. ಅದೂ ಎಣ್ಣೆ ಸವರಲು ಮರೆತದ್ದು. ಬಾಯಿ ಇಂದಿಗೂ 4 ಮಿಮೀ ತೆರೆಯುತ್ತದೆ, ಅಂಚಿಗೆ ಅದರ ಪರಿವೆಯೇ ಇಲ್ಲ. ಗಂಟಲಿನ ಕಡೆಯ ತುದಿ ಕೊಂಚ ಆಳ ಬರುತ್ತಿತ್ತು, ಡೈ ಹಿಂದೆ 0.5 ಮಿಮೀ ಶಿಮ್ ಹಾಕಿದ ಮೇಲೆ ಕಾಣುತ್ತಿಲ್ಲ. ಬಾನೆಟ್ಟಿನ ಒಳಚೌಕಟ್ಟಿನ ಸ್ಪಾಟ್ ವೆಲ್ಡುಗಳನ್ನು ಕೊರೆದು ಬಿಡಿಸುತ್ತಿದ್ದೇನೆ. ಒಂದು ಕೊನೆಯ ಅನುಮಾನ: ಮಳೆನೀರು ನೇರ ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗದ) ಮೇಲೆ ಬೀಳುವುದಿಲ್ಲವೇ?

ಮಳೆಗಾಲ, ಭಾನುವಾರ ರಾತ್ರಿ 7.15

ಖಂಡಿತ ಬೀಳುತ್ತದೆ. ಸಾಲಿನ ಕೆಳಗೆ ಎರಡು ಬೆರಳು ಬಿಟ್ಟು ಅಲ್ಯೂಮಿನಿಯಂ ತಟ್ಟೆಯೊಂದನ್ನು ಓರೆಯಾಗಿ ಕಟ್ಟಿ, ನೀರು ಫೆಂಡರ್ ಕಡೆಗೆ ಹರಿದುಹೋಗಲಿ. ಬಿಸಿಗಾಳಿ ತಟ್ಟೆಯ ಪಕ್ಕದಿಂದ ಏರಿ ಹೋಗುತ್ತದೆ. ಚೌಕಟ್ಟನ್ನು ಮತ್ತೆ ಬೆಸೆಯುವ ಮೊದಲೇ ತಟ್ಟೆಗೆ ಬೇಕಾದ ನಟ್ಟುಗಳನ್ನು ಒಳಗೆ ಕೂರಿಸಿಬಿಡಿ. ಆಮೇಲೆ ಕೈ ಹೋಗುವುದಿಲ್ಲ.