ಆಯಿಗೆ ಹಲ್ಲುನೋವು, ಊರು ದೂರ. ವಿಡಿಯೋ ಕಾಲ್‌ನಲ್ಲಿ ಡಾಕ್ಟರ್‌ಗೆ ತೋರಿಸಿದರೆ ಸಾಕಾ?

ಸಿದ್ದಾಪುರದವನು:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಬೆಂಗಳೂರಿನಲ್ಲಿ. ಆಯಿ, ಅಪ್ಪ ಇಬ್ಬರೇ ಸಿದ್ದಾಪುರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಆಯಿಗೆ 66 ವರ್ಷ. ಶುಗರ್ ಇದೆ, ಬಿಪಿಗೂ ಮಾತ್ರೆ ತೆಗೆದುಕೊಳ್ಳುತ್ತಾಳೆ. ಕಳೆದ ವಾರದಿಂದ ಎಡಗಡೆ ಕೆಳಗಿನ ದವಡೆ ಹಲ್ಲು ನೋವು. ತಣ್ಣೀರು ತಾಗಿದರೆ ಜುಮ್ ಎನ್ನುತ್ತದಂತೆ, ನೀರು ನುಂಗಿ ಎಷ್ಟೋ ಹೊತ್ತಾದರೂ ನೋವು ಹೋಗುವುದಿಲ್ಲ, ರಾತ್ರಿ ಮಲಗಿದ ಮೇಲೆ ಇನ್ನೂ ಜಾಸ್ತಿ. ಈ ಮಳೆಯಲ್ಲಿ ಪೇಟೆಗೆ ಹೋಗಿ ಬರುವುದು ಇಬ್ಬರಿಗೂ ಕಷ್ಟ.

ಹಾಗಾಗಿ ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ವಿಡಿಯೋ ಕಾಲ್ ಮಾಡಿಸಿದೆ. ನೆಟ್‌ವರ್ಕ್ ಕಟ್ ಆಗುತ್ತಲೇ ಇತ್ತು. ಡಾಕ್ಟರ್ ಬಾಯಿ ಸರಿಯಾಗಿ ನೋಡಲೂ ಇಲ್ಲ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಲೂ ಇಲ್ಲ, ಐದು ದಿನಕ್ಕೆ ಆ್ಯಂಟಿಬಯಾಟಿಕ್ ಬರೆದು ಮುಗಿಸಿದರು. ಇದನ್ನು ಕೊಡಬೇಕಾ? ಹಲ್ಲಿನ ವಿಷಯವನ್ನು ದೂರದಿಂದ ನೋಡಿ ಹೇಳುವುದು ನಿಜಕ್ಕೂ ಆಗುವ ಮಾತಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಇನ್ನೊಂದು ಹೇಳಬೇಕು. ಆಯಿಗೆ ಕವಳದ (ಸುಣ್ಣ ಹಚ್ಚಿದ ಎಲೆ-ಅಡಿಕೆಯ) ಅಭ್ಯಾಸ ಮೊದಲಿನಿಂದಲೂ ಇದೆ, ಹೊಗೆಸೊಪ್ಪೂ ಹಾಕುತ್ತಾಳೆ. ಕೆನ್ನೆಯ ಒಳಗೆ ಬೆಳ್ಳಗೆ ಏನೋ ಇದೆ. ಸುಣ್ಣ ತಾಗಿ ಸುಟ್ಟಿದ್ದು ಎನ್ನುತ್ತಾಳೆ. ಡಾಕ್ಟರ್‌ಗೆ ಅದನ್ನು ಹೇಳಲು ಪುರುಸೊತ್ತೇ ಸಿಗಲಿಲ್ಲ.

ದಂತವೈದ್ಯೆ, ಹುಬ್ಬಳ್ಳಿ:

ನೀವು ಕೊನೆಗೆ ಬರೆದಿದ್ದರಿಂದಲೇ ಶುರು ಮಾಡುತ್ತೇನೆ. ನನಗೆ ಹಲ್ಲಿಗಿಂತ ಅದೇ ದೊಡ್ಡದಾಗಿ ಕಾಣುತ್ತಿದೆ.

ಸುಣ್ಣದಿಂದ ಸುಟ್ಟಿದ್ದೇ ಆದರೆ ಕವಳ ನಿಲ್ಲಿಸಿದ ಒಂದೆರಡು ವಾರದಲ್ಲಿ ಮಾಯಬೇಕು. ಎರಡು ವಾರ ದಾಟಿಯೂ ಉಳಿಯುವ ಬಿಳಿ ಮಚ್ಚೆ, ಕೆಂಪು ಕಲೆ, ಮಾಯದ ಹುಣ್ಣು, ಮುಟ್ಟಿದರೆ ಗಟ್ಟಿ ಅನಿಸುವ ಜಾಗ, ಇವನ್ನು ಡಾಕ್ಟರ್ ಕೈಯಿಂದ ಮುಟ್ಟಿ ನೋಡಲೇಬೇಕು. ಬೇಕೆನಿಸಿದರೆ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬ್ ಪರೀಕ್ಷೆಗೆ, ಕಳಿಸುತ್ತಾರೆ. ಹೆದರಬೇಡಿ, ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಹೊಗೆಸೊಪ್ಪು ಹಾಕುವವರಲ್ಲಿ ಯಾವುದು ಹೌದು, ಯಾವುದು ಅಲ್ಲ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು. ತಾಯಿಯವರು ತಮ್ಮದೇ ಮೂರು ಬೆರಳು ಜೋಡಿಸಿ ಮೇಲಿನ, ಕೆಳಗಿನ ಮುಂಹಲ್ಲಿನ ನಡುವೆ ನಿಲ್ಲಿಸಲು ಆಗುತ್ತದಾ ನೋಡಲಿ. ಅಡಿಕೆ ಅಗಿಯುವವರಲ್ಲಿ ಕೆಲವರಿಗೆ ಕೆನ್ನೆ ಒಳಗೇ ಬಿಗಿದುಕೊಂಡು ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ, ಖಾರ ತಿಂದರೆ ಉರಿಯುತ್ತದೆ. ಅದೂ ಇದ್ದರೆ ಖಂಡಿತ ಹೇಳಿ.

ದೂರದಿಂದ ನೋಡುವುದು ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದೇ ಇಂಥ ಕಡೆ. ಬೆಂಗಳೂರಿನ ಕೆಎಲ್ಇ ದಂತ ಕಾಲೇಜಿನವರು ಬಯೋಕಾನ್ ಫೌಂಡೇಶನ್ ಜೊತೆ ಸೇರಿ ಇದನ್ನೇ ಮಾಡಿದ್ದಾರೆ: ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೊಬೈಲ್‌ನಲ್ಲಿ ಬಾಯಿಯ ಫೋಟೋ ತೆಗೆದು ಕಳಿಸುವುದು, ಪರಿಣತರು ಅದನ್ನು ನೋಡಿ ಯಾರು ಆಸ್ಪತ್ರೆಗೆ ಬರಬೇಕು ಎಂದು ಹೇಳುವುದು. ಫೋಟೋ ಇಂಥದ್ದೇ ರೋಗ ಎಂದು ಹೇಳುವುದಿಲ್ಲ, ಯಾರು ತಡಮಾಡಬಾರದು ಎಂದು ಹೇಳುತ್ತದೆ.

ಈಗ ಹಲ್ಲು. ತಣ್ಣನೆಯದು ತಾಗಿ ತಕ್ಷಣ ಹೋಗುವ ನೋವು ಬೇರೆ, ತುಂಬಾ ಹೊತ್ತು ಉಳಿದು ರಾತ್ರಿ ನಿದ್ದೆ ಕೆಡಿಸುವ ನೋವು ಬೇರೆ. ಎರಡನೆಯದು ಸಾಮಾನ್ಯವಾಗಿ ಹುಳುಕು ನರದವರೆಗೆ ಹೋಗಿದೆ ಎಂಬುದರ ಸೂಚನೆ. ಅಷ್ಟನ್ನು ಫೋನಿನಲ್ಲೇ ಕೇಳಿ ಊಹಿಸಬಹುದು. ಆದರೆ ಯಾವ ಹಲ್ಲು, ಬೇರಿನ ತುದಿಯಲ್ಲಿ ಏನಾಗಿದೆ, ರೂಟ್ ಕೆನಾಲ್ ಮಾಡಿ ಉಳಿಸಬಹುದಾ ಅಥವಾ ಕೀಳಬೇಕಾ, ಇದಕ್ಕೆ ಎಕ್ಸ್-ರೇ ಬೇಕು, ಹಲ್ಲನ್ನು ತಟ್ಟಿ ನೋಡಬೇಕು. ಕ್ಯಾಮೆರಾದಿಂದ ಆಗದು.

ಬರೀ ನರದ ನೋವಿಗೆ ಆ್ಯಂಟಿಬಯಾಟಿಕ್‌ನಿಂದ ಏನೂ ಉಪಯೋಗವಿಲ್ಲ. ಊತ, ಜ್ವರ ಬಂದು ಸೋಂಕು ಹರಡುತ್ತಿದ್ದರೆ ಅದು ಬೇಕು. ಬರೆದ ಡಾಕ್ಟರ್‌ಗೇ ಮತ್ತೆ ಫೋನ್ ಮಾಡಿ, ಶುಗರ್, ಬಿಪಿ ಮಾತ್ರೆಗಳ ಹೆಸರು ಹೇಳಿ, ಯಾಕೆ ಬರೆದಿರಿ ಎಂದು ಕೇಳಿ. ಅದು ನಿಮ್ಮ ಹಕ್ಕು. ಅಂಗಡಿಯಲ್ಲಿ ಸಿಗುವ ಬ್ರೂಫೆನ್ ಥರದ ನೋವಿನ ಮಾತ್ರೆ ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಒಳ್ಳೆಯದಲ್ಲ, ಕೇಳದೆ ಕೊಡಬೇಡಿ. ಲವಂಗದ ಎಣ್ಣೆಯನ್ನು ಒಸಡಿಗೆ ಸುರಿಯಬೇಡಿ, ಸುಡುತ್ತದೆ.

ಕೆನ್ನೆ ಅಥವಾ ಗದ್ದದ ಕೆಳಗೆ ಊದಿಕೊಂಡರೆ, ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ವಿಡಿಯೋ ಕಾಲ್ ಬಿಡಿ, ರಾತ್ರಿಯಾದರೂ ಗಾಡಿ ಮಾಡಿಸಿಕೊಂಡು ಆಸ್ಪತ್ರೆಗೆ ಹೋಗಿ. ಶುಗರ್ ಇರುವವರಲ್ಲಿ ಸೋಂಕು ಬೇಗ ಏರುತ್ತದೆ.

ನೇರಮಾತು:

ಮೇಡಂ, ಎಲ್ಲ ಸರಿ, ಆದರೆ ಕೊನೆಗೂ ಹೋಗಲೇಬೇಕು ಎಂದಾದ ಮೇಲೆ ವಿಡಿಯೋಗೆ ಯಾಕೆ ದುಡ್ಡು ಕೊಡಬೇಕು? ಹಲ್ಲಿನ ಕೆಲಸ ಕೈಕೆಲಸ. ಹಳ್ಳಿಯವರಿಗೆ ಬೇಕಾಗಿರುವುದು ಹತ್ತಿರದಲ್ಲಿ ಒಬ್ಬ ಡಾಕ್ಟರ್, ಆ್ಯಪ್ ಅಲ್ಲ.

ದಂತವೈದ್ಯೆ, ಹುಬ್ಬಳ್ಳಿ:

ಹತ್ತಿರದಲ್ಲಿ ಡಾಕ್ಟರ್ ಇರಬೇಕು ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಇವತ್ತೇ ಹೋಗಬೇಕಾ, ಮಳೆ ನಿಂತ ಮೇಲೆ ಹೋದರೆ ಸಾಕಾ, ಯಾವ ಡಾಕ್ಟರ್ ಹತ್ತಿರ ಹೋಗಬೇಕು, ಇಷ್ಟು ಮೊದಲೇ ಗೊತ್ತಾದರೆ ಒಂದು ಓಡಾಟ ಉಳಿಯುತ್ತದೆ. ಹಲ್ಲು ಕಿತ್ತ ಮೇಲಿನ ವಿಚಾರಣೆಗೂ ಫೋನ್ ಸಾಕಾಗುತ್ತದೆ. ಕಿತ್ತ ಮೂರನೇ ದಿನದ ಸುಮಾರಿಗೆ ನೋವು ಇಳಿಯುವ ಬದಲು ಏರಿ, ಕಿವಿಯವರೆಗೆ ಸೆಳೆದು, ಬಾಯಿ ವಾಸನೆ ಬಂದರೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಳಚಿ ಹೋಗಿರಬಹುದು. ಬರೀ ಕೇಳಿಯೇ ಬನ್ನಿ ಎನ್ನುತ್ತೇವೆ. ಮಕ್ಕಳು ಬಿದ್ದು ಮುಂಭಾಗದ ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದಾಗಲೂ ಅಷ್ಟೇ. ಬೇರು ಮುಟ್ಟದೆ, ಉಜ್ಜದೆ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ತನ್ನಿ ಎಂಬ ಒಂದು ಮಾತು ಫೋನಿನಲ್ಲಿ ಸಿಕ್ಕರೆ ಆ ಹಲ್ಲು ಉಳಿಯುವ ಸಾಧ್ಯತೆ ಇದೆ.

ಉಪಕೇಂದ್ರದ ನರ್ಸ್:

ದುಡ್ಡಿನ ಬಗ್ಗೆ ಒಂದು ಮಾತು. ದೂರದಿಂದಲೇ ಡಾಕ್ಟರ್‌ಗೆ ತೋರಿಸುವ ಸರ್ಕಾರದ ಇ-ಸಂಜೀವಿನಿ ಸೇವೆ ಪುಕ್ಕಟೆ. 2019ರಲ್ಲಿ ಶುರುವಾಗಿದ್ದು, ಈಗ ಹಳ್ಳಿಯ ಆರೋಗ್ಯ ಕೇಂದ್ರದಿಂದಲೇ ನಾವು ಡಾಕ್ಟರ್ ಜೊತೆ ಮಾತಾಡಿಸುತ್ತೇವೆ. ಯಾವಾಗಲೂ ಹಲ್ಲಿನ ಡಾಕ್ಟರೇ ಸಿಗುತ್ತಾರೆ ಎಂದಲ್ಲ. ಆದರೆ ಶುಗರ್, ಬಿಪಿ ನೋಡಿ ಬರೆದು ಕಳಿಸುತ್ತೇವೆ, ಅದು ಮನೆಯಿಂದ ಮಾಡುವ ಕಾಲ್‌ನಲ್ಲಿ ಆಗುವುದಿಲ್ಲ ಅಲ್ವಾ.

ಫೋಟೋ ತೆಗೆಯುವಾಗ ಸೆಲ್ಫಿ ಬೇಡ, ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರು ತೆಗೆಯಲಿ. ಕವಳ ಉಗಿದು ಬಾಯಿ ಮುಕ್ಕಳಿಸಿದ ಮೇಲೆ ಜಗಲಿಯ ಬೆಳಕಿನಲ್ಲಿ ಕೂರಿಸಿ, ಸ್ಟೀಲ್ ಚಮಚದ ಹಿಡಿಯಿಂದ ಕೆನ್ನೆ ಸರಿಸಿ, ಜೊಲ್ಲನ್ನು ಶುಭ್ರವಾದ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಂದು ದೂರದಿಂದ, ಒಂದು ಹತ್ತಿರದಿಂದ. ನೆಟ್‌ವರ್ಕ್ ಸರಿ ಇಲ್ಲದ ಕಡೆ ಕಟ್ ಆಗುವ ವಿಡಿಯೋಗಿಂತ ಇಂಥ ಎರಡು ಫೋಟೋ ಮೇಲು. ಆ್ಯಪ್‌ನಲ್ಲಿ ಬರೆದುಕೊಟ್ಟ ಔಷಧಿ ಚೀಟಿಯಲ್ಲಿ ಡಾಕ್ಟರ್ ಹೆಸರು, ನೋಂದಣಿ ಸಂಖ್ಯೆ ಇದೆಯಾ ಎಂದೂ ನೋಡಿ.

ಸಿದ್ದಾಪುರದವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ಮನೆಯ ಹುಡುಗಿ ನೀವು ಹೇಳಿದ ಹಾಗೇ ಫೋಟೋ ತೆಗೆದು ಕಳಿಸಿದಳು. ಮಚ್ಚೆ ಸ್ಪಷ್ಟವಾಗಿ ಕಾಣುತ್ತಿದೆ, ಹಲ್ಲಿನಲ್ಲಿ ಕಪ್ಪು ಗುಳಿಯೂ ಇದೆ. ಬಾಯಿಯಲ್ಲಿ ಮೂರು ಬೆರಳು ಹೋಗುತ್ತವೆ, ಊತ ಇಲ್ಲ. ಶನಿವಾರ ನಾನೇ ಊರಿಗೆ ಹೋಗಿ ಕರೆದುಕೊಂಡು ಹೋಗುತ್ತೇನೆ. ಅವತ್ತು ಬೆಳಗ್ಗೆ ಏನೂ ತಿನ್ನಿಸದೆ ಕರೆದುಕೊಂಡು ಹೋಗಬೇಕಾ?

ದಂತವೈದ್ಯೆ, ಹುಬ್ಬಳ್ಳಿ:

ಬೇಡ. ತಿಂಡಿ ತಿಂದು, ಶುಗರ್, ಬಿಪಿ ಮಾತ್ರೆ ಎಂದಿನಂತೆ ನುಂಗಿ ಬರಲಿ. ಹಸಿದುಕೊಂಡು ಬಂದರೆ ಶುಗರ್ ಇಳಿದು ತಲೆ ತಿರುಗುತ್ತದೆ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ್‌ಗೆ ಹೇಳಿದರೆ ಸಾಕು. ಎಲ್ಲ ಮಾತ್ರೆಗಳ ಹಾಳೆ, ಹಳೆಯ ಶುಗರ್ ರಿಪೋರ್ಟ್ ಕೈಯಲ್ಲಿರಲಿ. ಮೊದಲು ಮಚ್ಚೆ ತೋರಿಸಿ, ಆಮೇಲೆ ಹಲ್ಲು. ಬಯಾಪ್ಸಿ ಬೇಕು ಎಂದರೆ ಮುಂದಕ್ಕೆ ಹಾಕಬೇಡಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ಅರ್ಥವಾಗದ್ದನ್ನು ಬಿಡಿಸಿ ಹೇಳುತ್ತೇನೆ.