ಹದಿನಾಲ್ಕು ಮಕ್ಕಳ ಶಾಲೆ ಮತ್ತು ಜಿಲ್ಲೆಯ ಶಿಕ್ಷಣದ ಹಣ: ಕೊಡಗಿನಲ್ಲಿ ಉಳಿತಾಯ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಮಡಿಕೇರಿ ತಾಲ್ಲೂಕು

ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಈ ವರ್ಷ ಒಟ್ಟು 14 ಮಕ್ಕಳಿದ್ದಾರೆ. ಒಬ್ಬರು ಕಾಯಂ ಶಿಕ್ಷಕಿ, ಒಬ್ಬರು ಅತಿಥಿ ಶಿಕ್ಷಕಿ, ಬಿಸಿಯೂಟಕ್ಕೆ ಒಬ್ಬರು ಅಡುಗೆಯವರು. ಕೇಂದ್ರ ಮತ್ತು ರಾಜ್ಯ ಸೇರಿ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಶಾಲಾ ಅನುದಾನ ನಿಗದಿಯಾಗಿದೆ. ಸೀಮೆಸುಣ್ಣ, ದಾಖಲೆ ಪುಸ್ತಕ, ಶೌಚಾಲಯದ ಸ್ವಚ್ಛತೆ, ದುರಸ್ತಿ ಎಲ್ಲವೂ ಅದರಲ್ಲೇ ನಡೆಯಬೇಕು. ನಮ್ಮ ಕಡೆಯ ಮಳೆಗೆ ಒಡೆದ ಹೆಂಚು ಬದಲಿಸಿ, ಕೊಳೆತ ರೀಪು ತೆಗೆಸಿದರೆ ಉಳಿದದ್ದಕ್ಕೆ ಹಣವಿರುವುದಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ 2023ರ ರಾಜ್ಯೋತ್ಸವದ ದಿನ ಘೋಷಣೆಯಾದ ಮೇಲೆ ಕರೆಂಟು ಬಿಲ್ಲಿನ ಚಿಂತೆಯೊಂದು ತಪ್ಪಿತು.

ಈಗ ನಮ್ಮ ಶಾಲೆಯನ್ನು ನಾಲ್ಕು ಕಿಲೋಮೀಟರ್ ದೂರದ ಹಿರಿಯ ಪ್ರಾಥಮಿಕ ಶಾಲೆಯೊಂದಿಗೆ ವಿಲೀನ ಮಾಡಬಹುದೆಂಬ ಮಾತು ಕೇಳಿಬರುತ್ತಿದೆ. ಆ ಶಾಲೆಯಲ್ಲಿ ಎಂಬತ್ತು ಮಕ್ಕಳಿದ್ದಾರೆ. ನಾನು ಕುರುಡಾಗಿ ವಿರೋಧಿಸಲು ಸಿದ್ಧನಿಲ್ಲ, ಏಕೆಂದರೆ ಹಣಕ್ಕೆ ಮಿತಿ ಇರುವುದು ನನಗೂ ತಿಳಿದಿದೆ. ಆದರೆ ಜಿಲ್ಲೆಯಲ್ಲಿ ಶಿಕ್ಷಣದ ಹಣ ಸಾಲದಿರುವಾಗ ಮೊದಲು ಕಡಿತವಾಗಬೇಕಾದದ್ದು ಯಾವುದು, ಕೊನೆಯವರೆಗೂ ಮುಟ್ಟಬಾರದ್ದು ಯಾವುದು? ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕೆಂದಿದ್ದೇನೆ. ಅನುಭವವುಳ್ಳವರು ದಯವಿಟ್ಟು ಕಾರಣಸಹಿತ ಬರೆಯಿರಿ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ವಿಲೀನದಿಂದ ಬಹಳ ಹಣ ಉಳಿಯುತ್ತದೆ ಎಂಬ ಮಾತನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಶಿಕ್ಷಕರ ಸಂಬಳ. ಶಾಲೆ ಮುಚ್ಚಿದರೂ ಕಾಯಂ ಶಿಕ್ಷಕಿ ಇನ್ನೊಂದು ಶಾಲೆಗೆ ಹೋಗುತ್ತಾರೆ, ಅವರ ಸಂಬಳ ಖಜಾನೆಯಿಂದ ಹೋಗುತ್ತಲೇ ಇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರು ಬೇಕು. ದೊಡ್ಡ ಶಾಲೆಯ ಆ ಎಂಬತ್ತು ಮಕ್ಕಳು ಇದೇ ತರಗತಿಗಳವರೆಂದು ಹಿಡಿದರೆ, ಈಗ ಎರಡೂ ಶಾಲೆಗಳಿಗೆ ಸೇರಿ ಐವರು ಬೇಕು. ಒಂದಾದ ಮೇಲೆ 94 ಮಕ್ಕಳಿಗೆ ನಾಲ್ವರು ಬೇಕು. ಅಂದರೆ ಉಳಿಯುವುದು ಒಂದೇ ಹುದ್ದೆ, ಅದೂ ತಮ್ಮಲ್ಲಿ ಅತಿಥಿ ಶಿಕ್ಷಕಿ ಇರುವುದರಿಂದ ಒಂದು ಗೌರವಧನ ಮಾತ್ರ.

ಇನ್ನು ಎದುರಿನ ಖರ್ಚು. ದೂರದ ಮಕ್ಕಳ ಸಾರಿಗೆಗೆ ಸಮಗ್ರ ಶಿಕ್ಷಣದಲ್ಲಿ ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಅವಕಾಶವಿದೆ. ಹದಿನಾಲ್ಕು ಮಕ್ಕಳಿಗೆ ಅದು 84,000 ರೂಪಾಯಿ. ಈ ಹಣ ಮಂಜೂರಾಗದೆ ಶಾಲೆ ಮುಚ್ಚಿದರೆ ಆ ಖರ್ಚು ಬಡ ತಂದೆತಾಯಿಯರ ಮೇಲೆ ಬೀಳುತ್ತದೆ, ಇಲಾಖೆಯ ಪುಸ್ತಕದಲ್ಲಿ ಮಾತ್ರ ಅದನ್ನು ಉಳಿತಾಯ ಎಂದು ಬರೆಯಲಾಗುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ಹಾಗೆಂದು ಒಂದು ತರಗತಿಯಲ್ಲಿ ಇಬ್ಬರೇ ಮಕ್ಕಳಿರುವ ಸ್ಥಿತಿಯನ್ನು ನಾನು ಹೊಗಳುವುದಿಲ್ಲ. ಮಗು ಕಲಿಯುವುದು ಶಿಕ್ಷಕರಿಂದ ಮಾತ್ರವಲ್ಲ, ಜೊತೆಯವರಿಂದಲೂ ಹೌದು. ಆಟಕ್ಕೆ ತಂಡವಿಲ್ಲದ, ಓದಿನಲ್ಲಿ ಮುಂದಿರುವ ಗೆಳೆಯನಿಲ್ಲದ ಮಗು ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ಮಂಕಾಗುವುದನ್ನು ಕಂಡಿದ್ದೇನೆ. ಆದ್ದರಿಂದ ನನ್ನ ಸಲಹೆ ಇದು: ಒಂದರಿಂದ ಮೂರನೆಯ ತರಗತಿ ಊರಿನಲ್ಲೇ ಇರಲಿ. ನಲಿ-ಕಲಿ ಪದ್ಧತಿ ರೂಪುಗೊಂಡದ್ದೇ ನಮ್ಮ ನೆರೆಯ ಎಚ್.ಡಿ. ಕೋಟೆ ತಾಲ್ಲೂಕಿನ ಇಂಥ ಶಾಲೆಗಳಲ್ಲಿ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದಕ್ಕೆ ಅದರಲ್ಲಿ ಸಾಮಗ್ರಿಯೂ ಕ್ರಮವೂ ಇದೆ. ನಾಲ್ಕು ಮತ್ತು ಐದನೆಯ ತರಗತಿಯವರನ್ನು, ವಾಹನದ ಏರ್ಪಾಡಾದ ಮೇಲೆ, ದೊಡ್ಡ ಶಾಲೆಗೆ ಕಳುಹಿಸಲಿ. ಇಂಗ್ಲಿಷ್, ಚಿತ್ರಕಲೆ, ದೈಹಿಕ ಶಿಕ್ಷಣದ ಶಿಕ್ಷಕರು ವಾರದಲ್ಲಿ ಒಂದೆರಡು ದಿನ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಣ್ಣ ಶಾಲೆಗಳಿಗೆ ಬರಲಿ.

ಉತ್ತರ: ಕಾಫಿ ಬೆಳೆಗಾರ, ಸಿದ್ದಾಪುರದ ಕಡೆಯವರು

ಮೇಡಂ ಅವರ ಲೆಕ್ಕವನ್ನು ಗೌರವಿಸುತ್ತೇನೆ, ಆದರೆ ತೀರ್ಮಾನದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561 ಇತ್ತು, 2011ರ ಗಣತಿಯಲ್ಲಿ 5,54,519 ಆಯಿತು. ಹತ್ತು ವರ್ಷಗಳಲ್ಲಿ ಆರು ಸಾವಿರವೂ ಹೆಚ್ಚಲಿಲ್ಲ. ಇರುವ ಮಕ್ಕಳಲ್ಲಿಯೂ ಅನೇಕರು ತೋಟದ ಗೇಟಿನವರೆಗೆ ಬರುವ ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಿದ್ದಾರೆ. ಹೀಗಿರುವಾಗ ಪ್ರತಿಯೊಂದು ಸಣ್ಣ ಕಟ್ಟಡಕ್ಕೂ ಹತ್ತು ಸಾವಿರ ಹಂಚುತ್ತಾ ಹೋದರೆ ಯಾವ ಶಾಲೆಯೂ ಉದ್ಧಾರವಾಗುವುದಿಲ್ಲ. ಹೋಬಳಿಗೊಂದು ಕರ್ನಾಟಕ ಪಬ್ಲಿಕ್ ಶಾಲೆ, ಅದರಲ್ಲಿ ಪ್ರಯೋಗಾಲಯ, ಗ್ರಂಥಾಲಯ, ಪ್ರತಿ ವಿಷಯಕ್ಕೂ ಶಿಕ್ಷಕರು, ಜೊತೆಗೆ ಸರ್ಕಾರದ್ದೇ ವಾಹನ ಎಂದಾದರೆ ನಮ್ಮ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಸಾಲು ಮನೆಗಳಲ್ಲಿ, ಇರುವ ಕಾರ್ಮಿಕರ ಮಕ್ಕಳಿಗೂ ಅದೇ ಗುಣಮಟ್ಟ ದೊರೆಯುತ್ತದೆ. ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳ ಮಕ್ಕಳು ಕನ್ನಡವನ್ನೇ ಹೊಸದಾಗಿ ಕಲಿಯಬೇಕು. ಐದೂ ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಅಂಥ ಮಗುವಿಗೆ ಯಾರು ಸಮಯ ಕೊಡುತ್ತಾರೆ?

ವಾಹನದ ವಿಷಯದಲ್ಲಿ ಮಾತ್ರ ನನಗೂ ರಾಜಿಯಿಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಬೆಳಗಿನ ಹೊತ್ತು ಆನೆ ರಸ್ತೆಯಲ್ಲೇ ಇರುತ್ತದೆ. ಆರು ವರ್ಷದ ಮಗುವನ್ನು ತೋಟದ ನಡುವಿನ ದಾರಿಯಲ್ಲಿ ನಡೆಸುವುದನ್ನು ಯಾವ ಬಜೆಟ್ ಕಾರಣವೂ ಸಮರ್ಥಿಸಲಾರದು. ವಾಹನ ಓಡಲು ಆರಂಭಿಸಿ ಒಂದು ಮಳೆಗಾಲ ಕಳೆದ ಮೇಲಷ್ಟೇ ಹಳೆಯ ಶಾಲೆಯ ಬಾಗಿಲು ಹಾಕುವ ಮಾತು ಬರಲಿ. ಬೆಳೆಗಾರರು ಇದರ ಖರ್ಚಿನಲ್ಲಿ ಪಾಲು ಕೊಡಬೇಕೆಂದು ಕೇಳಿದರೆ ನಾನಂತೂ ಕೊಡುತ್ತೇನೆ.

ಉತ್ತರ: ಪೋಷಕಿ, ಪೊನ್ನಂಪೇಟೆ ತಾಲ್ಲೂಕು

ನಾವು ನಾಗರಹೊಳೆಯ ಅಂಚಿನ ಹಾಡಿಯ (ಬುಡಕಟ್ಟು ಜನರ ವಸತಿಯ) ಹತ್ತಿರ ಇರುವವರು. ಇಲ್ಲಿನ ಯರವ, ಜೇನುಕುರುಬ ಕುಟುಂಬಗಳಲ್ಲಿ ತಂದೆತಾಯಿ ಇಬ್ಬರೂ ಬೆಳಿಗ್ಗೆಯೇ ತೋಟದ ಕೆಲಸಕ್ಕೆ ಹೊರಡುತ್ತಾರೆ. ಶಾಲೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಮಗು ತಾನೇ ಹೋಗುತ್ತದೆ, ಮಧ್ಯಾಹ್ನ ಊಟ ಮಾಡುತ್ತದೆ. ವ್ಯಾನ್ ಬರುವ ಹೊತ್ತಿಗೆ ರೆಡಿ ಮಾಡಿ ನಿಲ್ಲಿಸಲು ಮನೆಯಲ್ಲಿ ಯಾರೂ ಇರುವುದಿಲ್ಲ. ಒಮ್ಮೆ ತಪ್ಪಿದರೆ ಆ ದಿನ ಮುಗಿಯಿತು, ಹಾಗೆ ತಪ್ಪಿದ ದಿನಗಳು ಸೇರಿ ಒಂದು ವರ್ಷವೇ ಹಾಳಾಗುತ್ತದೆ. ಆಶ್ರಮ ಶಾಲೆ ಇದೆಯಲ್ಲ ಎನ್ನುವವರು ತಮ್ಮ ಆರು ವರ್ಷದ ಮಗುವನ್ನು ಹಾಸ್ಟೆಲಿನಲ್ಲಿ ಬಿಡುವರೇ ಎಂದು ಕೇಳಲು ಬಯಸುತ್ತೇನೆ. ಒಂದು ಕಿಲೋಮೀಟರ್ ಒಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂಬ ನಿಯಮ ಮಾಡಿದ್ದು ಇಂಥ ಮಕ್ಕಳಿಗಾಗಿಯೇ. ಹಾಡಿಗಳಿರುವ ಕಡೆ ದಾಖಲಾತಿಯ ಸಂಖ್ಯೆ ಎಷ್ಟೇ ಇರಲಿ, ಶಾಲೆಯನ್ನು ಮುಟ್ಟಬಾರದು.

ಉತ್ತರ: ಪಂಚಾಯಿತಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವರು, ವಿರಾಜಪೇಟೆ

ಇಲ್ಲಿಯವರೆಗಿನ ಚರ್ಚೆ ಶಾಲೆಗಳನ್ನು ಉಳಿಸುವುದೋ ಮುಚ್ಚುವುದೋ ಎಂಬುದರ ಸುತ್ತಲೇ ನಡೆದಿದೆ. ಹಣ ಎಲ್ಲಿಂದ ಬರುತ್ತದೆ, ಯಾರು ತೀರ್ಮಾನಿಸುತ್ತಾರೆ ಎಂಬುದನ್ನೂ ನೋಡಬೇಕು. ಅಮೆರಿಕದಂಥ ಕಡೆ ಬಹುತೇಕ ಶಾಲಾ ಜಿಲ್ಲೆಗಳಿಗೆ ಚುನಾಯಿತ ಮಂಡಳಿ ಇರುತ್ತದೆ, ಸ್ಥಳೀಯ ಆಸ್ತಿ ತೆರಿಗೆಯಿಂದ ಅವುಗಳಿಗೆ ಆದಾಯ ಬರುತ್ತದೆ. ಕೊರತೆಯಾದರೆ ಜನರೆದುರಿಗೇ ವಾದ ನಡೆಯುತ್ತದೆ. ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದ ನಮ್ಮ ಉಪನಿರ್ದೇಶಕರಿಗೆ ಅಂಥ ಸ್ವಂತ ಆದಾಯವಿಲ್ಲ. ಹಣ ಲೆಕ್ಕ ಶೀರ್ಷಿಕೆಗಳಿಗೆ, ಅಂದರೆ ಇಂಥ ಖರ್ಚಿಗೇ ಎಂಬ ವಿಂಗಡಣೆಗೆ, ಕಟ್ಟುಬಿದ್ದು ಮೇಲಿನಿಂದ ಬರುತ್ತದೆ. ಸಮಗ್ರ ಶಿಕ್ಷಣದಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಕಂತು ತಡವಾದರೆ ಮುಖ್ಯ ಶಿಕ್ಷಕರು ಕೈಯಿಂದ ಹಾಕಿ ಶಾಲೆ ನಡೆಸುತ್ತಾರೆ. ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇದನ್ನೆಲ್ಲ ಪ್ರಶ್ನಿಸಬೇಕಾದ ಜಾಗ. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನೋಡಿಕೊಳ್ಳುವಂತಾಯಿತು. ಶಾಲೆಗಳ ಭವಿಷ್ಯದ ಬಗ್ಗೆ ಚುನಾಯಿತರ ಚರ್ಚೆ ಇಲ್ಲದಿರುವುದು ಹಣದ ಕೊರತೆಗಿಂತ ಸಣ್ಣ ಸಮಸ್ಯೆಯೆಂದು ನಾನು ಭಾವಿಸುವುದಿಲ್ಲ.

ಕಡಿತದ ಕ್ರಮ ಕೇಳಿದ್ದೀರಿ. ಕಚೇರಿಗಳಿಗೆ ನಿಯೋಜನೆಯ ಮೇಲೆ ಹೋಗಿರುವ ಶಿಕ್ಷಕರು ಮೊದಲು ಶಾಲೆಗೆ ಮರಳಲಿ. ಮಕ್ಕಳಿಲ್ಲದ ಹಳೆಯ ಕೊಠಡಿಗಳ ದುರಸ್ತಿ, ಸಮಾರಂಭ, ಬ್ಯಾನರು, ಒಂದೇ ಮಾಹಿತಿಗಾಗಿ ಪದೇ ಪದೇ ಕರೆಯುವ ಸಭೆಗಳ ಖರ್ಚು ನಿಲ್ಲಲಿ. ಬಿಸಿಯೂಟ ಮತ್ತು ಶಿಕ್ಷಕರ ಸಂಖ್ಯೆಗೆ ಕೈ ಹಾಕಬಾರದು. ತಂದೆತಾಯಿಯರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟ ಆದೇಶವನ್ನು 2022ರ ಅಕ್ಟೋಬರಿನಲ್ಲಿ ಜನರ ವಿರೋಧದಿಂದ ಹಿಂದಕ್ಕೆ ಪಡೆಯಬೇಕಾಯಿತು. ಕೊರತೆಯನ್ನು ಕೂಲಿಕಾರರಿಂದ ತುಂಬಿಸುವ ದಾರಿ ಮತ್ತೆ ಹಿಡಿಯುವುದು ಬೇಡ. ಬೆಳೆಗಾರ ಸರ್ ಹೇಳಿದ ನೆರವು ಒಳ್ಳೆಯದೇ. ಆದರೆ ಕಾಫಿಯ ಬೆಲೆ ಇಳಿದ ವರ್ಷ ನಿಂತುಹೋಗುವ ಹಣವನ್ನು ನಂಬಿ ಮಕ್ಕಳ ವಾಹನವನ್ನು ಓಡಿಸಲಾಗದು. ಅದಕ್ಕೆ ಸರ್ಕಾರದ ಮಂಜೂರಾತಿಯೇ ಬೇಕು.

ಇನ್ನೊಂದು ವಿಷಯ. ಅನೇಕ ಶಾಲೆಗಳ ಜಾಗ ಹಿಂದಿನ ಕಾಲದಲ್ಲಿ ಊರಿನ ಕುಟುಂಬಗಳು ಬಿಟ್ಟುಕೊಟ್ಟದ್ದು, ಕೆಲವು ಪೈಸಾರಿ (ಸರ್ಕಾರಿ) ಜಾಗದಲ್ಲಿವೆ. ಆರ್‌ಟಿಸಿ, ಅಂದರೆ ಪಹಣಿ, ಶಾಲೆಯ ಹೆಸರಿನಲ್ಲಿ ಇಲ್ಲದಿದ್ದರೆ, ಬಾಗಿಲು ಮುಚ್ಚಿದ ಕೆಲವೇ ವರ್ಷಗಳಲ್ಲಿ ಜಾಗ ಕೈತಪ್ಪುತ್ತದೆ, ಮುಂದೆ ಮಕ್ಕಳು ಹೆಚ್ಚಾದರೂ ಶಾಲೆ ಮರಳಿ ಬರುವುದಿಲ್ಲ. ವಿಲೀನದ ಮಾತು ಬರುವ ಮೊದಲೇ ಪಹಣಿ ತೆಗೆಸಿ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರ ಮಾತು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಪಹಣಿ ನೋಡಿದೆವು. ಶಾಲೆಯ ಹೆಸರು ಅದರಲ್ಲಿಲ್ಲ, ಜಾಗ ಕೊಟ್ಟ ಮನೆತನದ ಹಿರಿಯರ ಹೆಸರೇ ಮುಂದುವರಿದಿದೆ. ಆ ಕುಟುಂಬದವರು ದಾನಪತ್ರಕ್ಕೆ ಒಪ್ಪಿದ್ದಾರೆ.

ಗ್ರಾಮಸಭೆಯ ನಿರ್ಣಯದಲ್ಲಿ ಮೇಡಂ ಅವರು ಹೇಳಿದಂತೆ ಮೂರನೆಯ ತರಗತಿಯವರೆಗೆ ಶಾಲೆ ಊರಿನಲ್ಲೇ ಉಳಿಯಬೇಕೆಂದೂ, ಮೇಲಿನ ಎರಡು ತರಗತಿಗಳನ್ನು ಸ್ಥಳಾಂತರಿಸುವುದಾದರೆ ವಾಹನದ ಲಿಖಿತ ಮಂಜೂರಾತಿ ಮೊದಲು ಕೈಗೆ ಬರಬೇಕೆಂದೂ ಬರೆಯುತ್ತೇವೆ. ಒಂದು ಷರತ್ತನ್ನು ನಾನೇ ಸೇರಿಸಿದ್ದೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ರಸ್ತೆ ಸಂಪರ್ಕವೇ ಕಡಿದುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ದೂರವನ್ನು ನಕ್ಷೆಯಲ್ಲಿ ಅಳೆಯದೆ, ಜುಲೈ ತಿಂಗಳಿನಲ್ಲಿ ಅಧಿಕಾರಿಗಳು ಆ ರಸ್ತೆಯಲ್ಲಿ ಬಂದು ನೋಡಿಯೇ ವರದಿ ಬರೆಯಬೇಕು. ಬೆಳೆಗಾರ ಸರ್ ಹಾಗೂ ಪೊನ್ನಂಪೇಟೆಯ ಸಹೋದರಿಯ ನಡುವಿನ ಭಿನ್ನಾಭಿಪ್ರಾಯವನ್ನು ನಮ್ಮ ನಿರ್ಣಯ ಬಗೆಹರಿಸುವುದಿಲ್ಲ. ತೋಟದ ಊರಿಗೂ ಹಾಡಿಗೂ ಒಂದೇ ನಿಯಮ ಹೊಂದುವುದಿಲ್ಲವೆಂದೇ ನನಗೂ ಅನ್ನಿಸುತ್ತದೆ. ನಿರ್ಣಯದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಜಿಲ್ಲಾ ಉಸ್ತುವಾರಿ ಸಚಿವರು ನಡೆಸುವ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಗೂ ಕಳುಹಿಸುತ್ತೇವೆ. ಇದೇ ಸ್ಥಿತಿಯಲ್ಲಿರುವ ಬೇರೆ ಶಾಲೆಗಳ ಎಸ್‌ಡಿಎಂಸಿಯವರು ತಮ್ಮ ದಾಖಲಾತಿ ಮತ್ತು ದೂರದ ವಿವರವನ್ನು ಇಲ್ಲಿ ಬರೆದರೆ, ಎಲ್ಲವನ್ನೂ ಸೇರಿಸಿ ಒಂದೇ ಮನವಿಯಾಗಿ ಕೊಡಬಹುದು.