ಅಪ್‌ಡೇಟ್: ಬಿದ್ದು, ಗೊಂದಲಗೊಂಡಿದ್ದ ಮಂಡ್ಯದ ತಾತ
ಎರಡು ಸಲ ಬಿದ್ದು, ರಾತ್ರಿಯಿಡೀ ಬಡಬಡಿಸುತ್ತಿದ್ದ 78ರ ತಾತನನ್ನು ಹೇಗೆ ಪರೀಕ್ಷಿಸಬೇಕೆಂದು ಕೇಳಿದ್ದೆ. ನೀವು ಹೇಳಿದಂತೆ 5 ನಿಮಿಷ ಮಲಗಿಸಿ ಬಿಪಿ ನೋಡಿದಾಗ 142/80. ಎದ್ದು ನಿಂತ 1 ನಿಮಿಷಕ್ಕೆ 116/72, 3ನೇ ನಿಮಿಷಕ್ಕೂ ಅಷ್ಟೇ. ಮೇಲಿನ ಅಂಕಿ 20 ಇಳಿದರೇ ನಿಂತಾಗ ಬಿಪಿ ಬೀಳುತ್ತಿದೆ ಎಂದು ಲೆಕ್ಕ. ಬರೀ ಕೂರಿಸಿ ನೋಡಿದ್ದರೆ ಕೈತಪ್ಪುತ್ತಿತ್ತು.

ಗೊಂದಲ ಪತ್ತೆಹಚ್ಚುವ 4ಎಟಿ ಎಂಬ ಪುಟ್ಟ ಪರೀಕ್ಷೆಯಲ್ಲಿ 6 ಅಂಕ. 4 ಬಂದರೇ ಡೆಲಿರಿಯಮ್ (ದಿಢೀರನೆ ಬರುವ ಮನಸ್ಸಿನ ಗೊಂದಲ) ಅನುಮಾನ. ಡಿಸೆಂಬರ್‌ನಿಂದ ತಿಂಗಳುಗಳನ್ನು ಹಿಂದಕ್ಕೆ ಎಣಿಸುತ್ತಾ ಅಕ್ಟೋಬರ್‌ಗೇ ನಿಂತರು. ಪರೀಕ್ಷೆಯಲ್ಲಿ ಹುಟ್ಟಿದ ತಾರೀಖೂ ಕೇಳುತ್ತಾರೆ; ನಮ್ಮ ಕಡೆ ಅದು ಗೊತ್ತಿಲ್ಲದ ಹಿರಿಯರು ಬಹಳ, ಅದನ್ನೇ ಗೊಂದಲ ಅನ್ನಬೇಡಿ.

ಮಗಳ ಕೈಚೀಲದಲ್ಲಿ ಅರ್ಧ ಖಾಲಿಯಾದ ನೆಗಡಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು: ಕ್ಲೋರ್‌ಫೆನಿರಾಮಿನ್. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಬೇರೆ. ಒಂದು ಮೂತ್ರ ಕಟ್ಟಿಸಿ ತಲೆ ಕೆಡಿಸುತ್ತದೆ, ಇನ್ನೊಂದು ನಿಂತಾಗ ಬಿಪಿ ಇಳಿಸುತ್ತದೆ. ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕಿದಾಗ 650 ಎಂಎಲ್ ಮೂತ್ರ ಬಂತು. ನೆಗಡಿ ಮಾತ್ರೆ ನಿಲ್ಲಿಸಿದ್ದೇವೆ. ವಯಸ್ಸಾದವರು ಎಷ್ಟು ಸೋತಿದ್ದಾರೆ ಎಂದು ಅಳೆಯುವ ದುರ್ಬಲತೆಯ ಅಂಕವನ್ನು ಈಗಿನ ಸ್ಥಿತಿಗಲ್ಲ, ಎರಡು ವಾರ ಹಿಂದೆ ಗದ್ದೆಗೆ ನಡೆದು ಹೋಗುತ್ತಿದ್ದ ತಾತನಿಗೆ ಕೊಟ್ಟೆವು.